ಕಜ್ಜಿ ನಾಯಿಗೆ ಕಾಡು ಮದ್ದಲ್ಲ

ದುಬಾರೆಯ ಸಾಕಾನೆ ಶಿಬಿರದಲ್ಲಿ ಮಾವುತರು ಕಾವೇರಿಯ ನೀರಿನಲ್ಲಿ ಆನೆಗಳ ಮೈಯುಜ್ಜಿ ತೊಳೆಯುವುದನ್ನು ಕಾಣಲು ದೂರದೂರುಗಳಿಂದ ಜನ ಬರುತ್ತಾರೆ. ಪ್ರಾಣಿಯ ಚರ್ಮದ ಆರೈಕೆಯೂ ಸಾಕುವವರ ಹೊಣೆ ಎಂಬ ಪಾಠ ಅಲ್ಲಿದೆ. ಮನೆ, ತೋಟ ಕಾಯುವ ನಾಯಿಗೆ ಮಾತ್ರ ಈ ನ್ಯಾಯ ದೊರೆಯುವುದು ವಿರಳ. ಕಜ್ಜಿ ಹತ್ತಿದರೆ ಸುಟ್ಟ ಎಂಜಿನ್ ಆಯಿಲ್ ಬಳಿಯುವುದು, ವಾಸಿಯಾಗದಿದ್ದರೆ ಕಾಡಂಚಿನಲ್ಲಿ ಬಿಟ್ಟುಬರುವುದು: ಇವೆರಡೂ ತಪ್ಪು.

ಹರಡುವ ಕಜ್ಜಿಗೆ ಕಾರಣ ಚರ್ಮವನ್ನು ಕೊರೆದು ಮೊಟ್ಟೆಯಿಡುವ ಅತಿಸೂಕ್ಷ್ಮ ನುಸಿ. ಬಳಿದ ಆಯಿಲನ್ನು ನಾಯಿ ನೆಕ್ಕಿದರೆ ಅದು ವಿಷವಾಗುತ್ತದೆ. ಪಶುವೈದ್ಯರು ಹೇಳಿದ ಔಷಧಿಯನ್ನು ಕೆಲವು ವಾರ ತಪ್ಪದೆ ಕೊಟ್ಟು, ಒಡನಾಡುವ ಇತರ ನಾಯಿಗಳಿಗೂ ಚಿಕಿತ್ಸೆ ಮಾಡಿಸಿ, ಮಲಗುವ ಗೋಣಿಯನ್ನು ಬದಲಿಸಿದರೆ ಸಾಮಾನ್ಯವಾಗಿ ರೋಗ ಗುಣವಾಗುತ್ತದೆ.

ತೊರೆದ ನಾಯಿಯೊಡನೆ ನುಸಿಯೂ ಕಾಡು ಸೇರುತ್ತದೆ. ಸೀಳುನಾಯಿ, ನರಿಗಳಿಗೆ ಅದು ತಗುಲಿದರೆ ಅಲ್ಲಿ ಮದ್ದು ಕೊಡುವವರಿಲ್ಲ. ಹಸಿವು, ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮಿನಂತೆ ಅಪರಾಧವೂ ಹೌದು. ಕಾಡಂಚಿನ ಮನೆಗಳಲ್ಲಿ ಅರಣ್ಯರಕ್ಷಣೆಯು ಜಗಲಿಯಲ್ಲಿ ಮೈ ಕೆರೆಯುತ್ತ ಮಲಗಿರುವ ನಾಯಿಯ ಶುಶ್ರೂಷೆಯಿಂದಲೇ ಆರಂಭವಾಗಬೇಕು.