ಗೆದ್ದವರು ಕಲಿಸಬೇಕು

ಈಜು, ಸೈಕಲ್ ಸವಾರಿ, ಓಟ, ಈ ಮೂರನ್ನೂ ವಿರಾಮವಿಲ್ಲದೆ ಒಂದರ ಹಿಂದೊಂದಾಗಿ ಪೂರೈಸಬೇಕಾದ ಕ್ರೀಡೆಗೆ ಟ್ರಯಾಥ್ಲಾನ್ ಎಂದು ಹೆಸರು. ಒಲಿಂಪಿಕ್ ಕ್ರಮದಲ್ಲಿ 1,500 ಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ. ಹವಾಯಿಯ ಕೋನಾ ಪಟ್ಟಣದಿಂದ ಪ್ರಖ್ಯಾತವಾದ ‘ಐರನ್‌ಮನ್’ ಸ್ಪರ್ಧೆಯಲ್ಲಾದರೋ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಕೊನೆಗೆ 42 ಕಿಲೋಮೀಟರಿಗೂ ಮಿಕ್ಕಿದ ಮ್ಯಾರಥಾನ್ ಓಟ. ನಸುಕಿನಲ್ಲಿ ಒಲೆ ಹಚ್ಚಿ ನಡುರಾತ್ರಿಗೆ ಕದವಿಕ್ಕುವ ನಮ್ಮ ಹೋಟೆಲ್ ಬಂಧುಗಳಿಗೆ ಇಂತಹ ಶ್ರಮದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಈ ಕ್ರೀಡೆಯಲ್ಲಿ ಕೀರ್ತಿ ಗಳಿಸಿದ ಅಮೆರಿಕದ ಮಹಿಳೆ ಸಿರಿ ಲಿಂಡ್ಲಿ. ಹೆಸರು ನಮ್ಮ ಕಿವಿಗೆ ಕನ್ನಡದಂತೆಯೇ ಕೇಳಿಸಿದರೂ ಆಕೆ 1969ರಲ್ಲಿ ಜನಿಸಿದ್ದು ಆ ದೂರದೇಶದಲ್ಲಿ. ಬ್ರೌನ್ ವಿಶ್ವವಿದ್ಯಾಲಯದಲ್ಲಿದ್ದಾಗ ಆಕೆ ಆಡುತ್ತಿದ್ದುದು ಬಲೆಗೋಲಿನ ಲಕ್ರೋಸ್ ಆಟ. ಪದವಿ ಪಡೆದ ತರುವಾಯ ಟ್ರಯಾಥ್ಲಾನಿನತ್ತ ಮನಸ್ಸು ಹರಿದಾಗ ಆಕೆಗೆ ಸರಿಯಾಗಿ ಈಜಲೂ ಬರುತ್ತಿರಲಿಲ್ಲ. ಬಾಲ್ಯದಿಂದ ನೀರಿನಲ್ಲಿ ಬೆಳೆದವರ ನಡುವೆ, ಇಪ್ಪತ್ತು ದಾಟಿದ ವಯಸ್ಸಿನಲ್ಲಿ ಆಕೆ ಈಜಿನ ಓನಾಮ ತಿದ್ದಿದಳು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಈ ಕ್ರೀಡೆಗೆ ಮೊತ್ತಮೊದಲು ಪ್ರವೇಶ ದೊರೆತಾಗ ತನ್ನ ದೇಶದ ತಂಡದಲ್ಲಿ ಆಕೆಗೆ ಸ್ಥಾನ ಸಿಗಲಿಲ್ಲ. ಮರುವರ್ಷವೇ, 2001ರಲ್ಲಿ, ಕೆನಡಾದ ಎಡ್ಮಂಟನ್ ನಗರದಲ್ಲಿ ಆಕೆ ವಿಶ್ವವಿಜೇತೆಯಾದಳು. 2002ರಲ್ಲಿ, ಕೀರ್ತಿಯು ಇನ್ನೂ ಏರುಗಾಲದಲ್ಲಿದ್ದಾಗಲೇ, ಸ್ಪರ್ಧಾಕಣದಿಂದ ನಿವೃತ್ತಳಾಗಿ ಶಿಕ್ಷಕಿಯಾದಳು.

ಆಕೆಯ ಜೀವನದ ಹೆಚ್ಚಿನ ಭಾಗ್ಯವು ಇಲ್ಲಿಂದ ಆರಂಭವಾಯಿತೆಂದು ನಾವು ಭಾವಿಸುತ್ತೇವೆ. ಆಕೆಯ ಶಿಷ್ಯೆ ಸೂಸನ್ ವಿಲಿಯಮ್ಸ್ 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಕಂಚಿನ ಪದಕ ಗೆದ್ದಳು. ಟ್ರಯಾಥ್ಲಾನಿನಲ್ಲಿ ಅಮೆರಿಕಕ್ಕೆ ದೊರೆತ ಪ್ರಥಮ ಒಲಿಂಪಿಕ್ ಪದಕವದು. ಗುರುವಿಗೆ ಕೈತಪ್ಪಿದ ಒಲಿಂಪಿಕ್ ಗೌರವ ಶಿಷ್ಯೆಯ ಕೊರಳಿಗೆ ಬಿತ್ತು. 2012ರಲ್ಲಿ ಲೀಂಡಾ ಕೇವ್ ಐರನ್‌ಮನ್ನಿನ ಪೂರ್ಣದೂರ, ಅರ್ಧದೂರಗಳೆರಡರಲ್ಲಿಯೂ ಒಂದೇ ವರ್ಷ ವಿಶ್ವವಿಜೇತೆಯಾದಳು. ಆಸ್ಟ್ರೇಲಿಯದ ಮಿರಿಂಡಾ ಕಾರ್ಫ್ರೇ 2010, 2013, 2014ರಲ್ಲಿ ಕೋನಾದಲ್ಲಿ ಜಯಶಾಲಿಯಾದಳು. 2014ರಲ್ಲಿ ಕಾರ್ಫ್ರೇ ಸೈಕಲ್ಲಿನಿಂದಿಳಿದಾಗ ಮುಂದಿದ್ದವಳಿಗಿಂತ ಹದಿನಾಲ್ಕು ನಿಮಿಷಕ್ಕೂ ಮಿಕ್ಕಿ ಹಿಂದುಳಿದಿದ್ದಳು. ಆದರೂ ಕಂಗೆಡದೆ ಓಡಿ, ಮುಂದಿದ್ದವಳನ್ನು ದಾಟಿ ಗೆದ್ದಳು. ಓಡಿದ ಕಾಲುಗಳು ಶಿಷ್ಯೆಯವೇ ಸರಿ. ಆ ಧೈರ್ಯದಲ್ಲಿ ಗುರುವಿನ ಪಾಲಿಲ್ಲವೆನ್ನಲಾದೀತೇ?

ಸಹಜವಾಗಿ ವಿದ್ಯೆ ಒಲಿದವನಿಗೆ ಅದು ಹೇಗೆ ಬಂತೆಂದು ಹೇಳಲು ಎಷ್ಟೋ ವೇಳೆ ತಿಳಿಯದು. ತಡವಾಗಿ ಕಷ್ಟಪಟ್ಟು ಕಲಿತವನಿಗಾದರೋ ಎಡವಿದ ಕಲ್ಲುಗಳೆಲ್ಲ ನೆನಪಿನಲ್ಲಿರುತ್ತವೆ. ಆ ನೆನಪೇ ಬೋಧನೆಯ ಬಂಡವಾಳ. ಅಂತಹ ಬಂಡವಾಳ ನಮ್ಮ ಜನರಲ್ಲಿ ಬೇಕಾದಷ್ಟಿದೆ. ಅದನ್ನು ಹಂಚುವ ಮನಸ್ಸು ಸಾಲದು. ಸಾಂಬಾರಿನ ಹುಡಿಯ ಅಳತೆಯನ್ನು ಬಾಗಿಲು ಮುಚ್ಚಿ ಬೆರೆಸುವ ಅಡಿಗೆಯವರುಂಟು. ಲೆಕ್ಕಪತ್ರದ ಮರ್ಮವನ್ನು ಕಿರಿಯ ಗುಮಾಸ್ತನಿಗೆ ತೋರಿಸದೆಯೇ ನಿವೃತ್ತರಾಗುವ ಹಿರಿಯರೂ ಉಂಟು. ಕಲಿತ ಹುಡುಗ ನಾಳೆ ಎದುರು ಬೀದಿಯಲ್ಲೇ ಅಂಗಡಿ ತೆರೆದಾನೆಂಬುದು ಮಾಲೀಕರ ಅಂಜಿಕೆ. ಸ್ವತಃ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಬಂದ ನಮಗೆ ಆ ಅಂಜಿಕೆ ಅಪರಿಚಿತವಲ್ಲ. ಹಾಗೆ ತೆರೆಯುವವರೂ ಇದ್ದಾರೆ. ಆದರೆ ಲೋಟ ತೊಳೆಯುವ ಹುಡುಗ ಸಪ್ಲೈಯರನಾಗಿ, ಅಡಿಗೆಯವನಾಗಿ, ಮಾಲೀಕನಾದ ಬಗೆಯಿಂದಲೇ ಉಡುಪಿ ಹೋಟೆಲುಗಳು ಮುಂಬಯಿಯ ಬೀದಿಬೀದಿಗೂ ಹಬ್ಬಿದವೆಂಬುದನ್ನು ಮರೆಯಬಾರದು. ಯಾರೋ ಒಬ್ಬರು ಅಂದು ಕಲಿಸಿದ್ದರು.

ಮಾಲೀಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಮಧ್ಯಾಹ್ನ ಗಿರಾಕಿಗಳು ವಿರಳವಾದ ಹೊತ್ತಿನಲ್ಲಿ ದಿನಕ್ಕೊಂದು ಗಂಟೆ, ಸಂಬಳ ಮುರಿಯದೆ, ಹುಡುಗರಿಗೆ ಕಲಿಯಲು ಬಿಡಿರಿ. ಹಿರಿಯ ಕೆಲಸಗಾರರು ಆ ಒಂದು ಗಂಟೆ ಪಕ್ಕದಲ್ಲಿ ನಿಂತು ತೋರಿಸಲಿ. ಹುಡುಗರೂ ನಾಚದೆ ಕೇಳಲಿ. ಇಪ್ಪತ್ತು ದಾಟಿದ ಮೇಲೆ ಈಜು ಕಲಿತು ಜಗತ್ತನ್ನು ಗೆದ್ದವಳ ಉದಾಹರಣೆ ಅವರ ಕಣ್ಣೆದುರಿಗಿರಲಿ.