ಮರಳುಗಾಡಿನಲ್ಲಿ ಸಾಲು ಹಿಡಿದವರು

ರಾತ್ರಿ ಆಕಾಶದಲ್ಲಿ ಒಂದು ಬೆಳಕಿನ ಗೆರೆ ಸರ್ರನೆ ಮೂಡಿ ಮಾಯವಾದರೆ 'ನಕ್ಷತ್ರ ಬಿತ್ತು' ಎನ್ನುವುದು ವಾಡಿಕೆ. ಬೀಳುವುದು ನಕ್ಷತ್ರವಲ್ಲ, ಬಾಹ್ಯಾಕಾಶದ ಒಂದು ಚೂರು. ಅದು ಭಾರಿ ವೇಗದಲ್ಲಿ ವಾತಾವರಣವನ್ನು ಹೊಕ್ಕಾಗ ಎದುರಿನ ಗಾಳಿ ಒತ್ತಲ್ಪಟ್ಟು ಕಾಯುತ್ತದೆ. ಚೂರು ಉರಿದು ಬೆಳಗುತ್ತದೆ. ಆ ಬೆಳಕೇ ಉಲ್ಕೆ. ಹೆಚ್ಚಿನವು ದಾರಿಯಲ್ಲೇ ಪುಡಿಯಾಗಿ ಹೋಗುತ್ತವೆ. ಉಳಿದು ನೆಲ ಮುಟ್ಟಿದ ಕಲ್ಲಿಗೆ ಉಲ್ಕಾಶಿಲೆ ಎಂದು ಹೆಸರು.

ಇಂಥ ಕಲ್ಲುಗಳು ವಸ್ತುಸಂಗ್ರಹಾಲಯಗಳಲ್ಲಿ ಸಾವಿರಾರು ಇವೆ. ಆದರೆ ಒಂದು ತೊಡಕಿತ್ತು. ಕೈಯಲ್ಲಿರುವ ಕಲ್ಲು ಆಕಾಶದ ಯಾವ ಬಗೆಯ ಕ್ಷುದ್ರಗ್ರಹದಿಂದ ಬಂತು? ದೂರದರ್ಶಕದಲ್ಲಿ ಚುಕ್ಕಿಯಂತೆ ಕಾಣುವ ಕ್ಷುದ್ರಗ್ರಹ ಯಾವ ಕಲ್ಲಿನಿಂದ ಆಗಿದೆ? ಎರಡನ್ನೂ ಜೋಡಿಸುವ ನೇರ ಸಾಕ್ಷ್ಯ ಇರಲಿಲ್ಲ. ಅದು ಸಿಕ್ಕಿದ್ದು 2008ರಲ್ಲಿ, ಆಫ್ರಿಕದ ಸುಡಾನ್ ದೇಶದ ನ್ಯೂಬಿಯನ್ ಮರಳುಗಾಡಿನಲ್ಲಿ. ಹುಡುಕಿಕೊಟ್ಟವರಲ್ಲಿ ಹೆಚ್ಚಿನವರು ಕಾಲೇಜು ವಿದ್ಯಾರ್ಥಿಗಳು.

2008ರ ಅಕ್ಟೋಬರ್ 6ರಂದು ಅಮೆರಿಕದ ಅರಿಜೋನಾದಲ್ಲಿ ರಿಚರ್ಡ್ ಕೊವಾಲ್ಸ್ಕಿ ಎಂಬ ವೀಕ್ಷಕರು ದೂರದರ್ಶಕದಲ್ಲಿ ಹೊಸ ಚುಕ್ಕಿಯೊಂದನ್ನು ಗುರುತಿಸಿದರು. ಲೆಕ್ಕ ಹಾಕಿದಾಗ ಅದು ಸುಮಾರು 20 ಗಂಟೆಗಳಲ್ಲಿ ಭೂಮಿಗೆ ಅಪ್ಪಳಿಸುವುದು ಖಚಿತವಾಯಿತು. ಬೀಳುವ ಮುನ್ನವೇ ಕಂಡುಹಿಡಿಯಲಾದ ಮೊತ್ತಮೊದಲ ಕ್ಷುದ್ರಗ್ರಹ ಅದು. ಅದಕ್ಕಿಟ್ಟ ಹೆಸರು 2008 ಟಿಸಿ3. ಅಗಲ ಸುಮಾರು 4 ಮೀಟರ್, ತೂಕ ಸುಮಾರು 80 ಟನ್. ಅದು ಬೀಳುವ ಮುನ್ನವೇ ಖಗೋಳ ವಿಜ್ಞಾನಿಗಳು ದೊಡ್ಡ ದೂರದರ್ಶಕಗಳನ್ನು ಅದರತ್ತ ತಿರುಗಿಸಿ, ಅದು ಪ್ರತಿಫಲಿಸುವ ಬೆಳಕಿನ ರೋಹಿತವನ್ನು ದಾಖಲಿಸಿಕೊಂಡರು.

ಮರುದಿನ ಸುಡಾನಿನಲ್ಲಿ ಬೆಳಗಾಗುವ ಹೊತ್ತಿಗೆ ಅದು ವಾತಾವರಣವನ್ನು ಹೊಕ್ಕು, ನೆಲದಿಂದ ಸುಮಾರು 37 ಕಿ.ಮೀ. ಎತ್ತರದಲ್ಲಿ ಸಿಡಿಯಿತು. ಅಷ್ಟು ಎತ್ತರದಲ್ಲಿ ಸಿಡಿದದ್ದರಲ್ಲಿ ಏನಾದರೂ ಉಳಿದಿರುವ ಆಸೆ ಕಡಿಮೆಯೇ ಇತ್ತು.

ಆದರೂ ಖಾರ್ತೂಮ್ ವಿಶ್ವವಿದ್ಯಾನಿಲಯದ ಮುಆವಿಯಾ ಶದ್ದಾದ್ ಮತ್ತು ಅಮೆರಿಕದಿಂದ ಬಂದ ಉಲ್ಕಾತಜ್ಞ ಪೀಟರ್ ಜೆನ್ನಿಸ್ಕೆನ್ಸ್ ಹುಡುಕಲು ನಿರ್ಧರಿಸಿದರು. ಡಿಸೆಂಬರ್ ಮೊದಲ ವಾರದಲ್ಲಿ ವಿದ್ಯಾರ್ಥಿಗಳು ಮತ್ತು ಸಿಬ್ಬಂದಿ ಸೇರಿ 45 ಜನ ಮರಳುಗಾಡಿಗೆ ಹೊರಟರು. ಅಲ್ಲಿನ ರೈಲು ಮಾರ್ಗದ ನಿಲ್ದಾಣಗಳಿಗೆ ಊರಿನ ಹೆಸರಿಲ್ಲ, ಸಂಖ್ಯೆಯೇ ಹೆಸರು. ಉಲ್ಕೆಯ ದಾರಿಗೆ ಹತ್ತಿರವಿದ್ದದ್ದು ಆರನೆಯ ನಿಲ್ದಾಣ. ಅರಬ್ಬಿ ಭಾಷೆಯಲ್ಲಿ 'ಅಲ್ಮಹಾತಾ ಸಿತ್ತಾ'. ಮುಂದೆ ಆ ಕಲ್ಲುಗಳಿಗೂ ಅದೇ ಹೆಸರಾಯಿತು.

ಉಲ್ಕಾಶಿಲೆ ಹುಡುಕಲು ಮರಳುಗಾಡು ಒಳ್ಳೆಯ ಜಾಗ. ಗಿಡಗಂಟಿ ಇಲ್ಲ; ತೇವ ಕಡಿಮೆಯಾದ್ದರಿಂದ ಕಲ್ಲಿನೊಳಗಿನ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುವುದಿಲ್ಲ; ತಿಳಿ ಬಣ್ಣದ ನೆಲದ ಮೇಲೆ ಕಪ್ಪು ಕಲ್ಲು ಎದ್ದು ಕಾಣುತ್ತದೆ. ಆದರೆ ಅಲ್ಲಿ ಭೂಮಿಯದೇ ಕಪ್ಪು ಕಲ್ಲುಗಳೂ ಉಂಟು. ಯಂತ್ರ ಎಷ್ಟೇ ಇದ್ದರೂ ಕೊನೆಗೆ ಬೇಕಾದದ್ದು ಕಣ್ಣು ಮತ್ತು ಕಾಲು.

ಗದ್ದೆಯಲ್ಲಿ ಕಳೆ ಕೀಳುವವರು ಸಾಲು ಹಿಡಿಯುವಂತೆ ಅವರೆಲ್ಲ ಅಕ್ಕಪಕ್ಕ ಅಂತರ ಬಿಟ್ಟು ನಿಂತು, ನೆಲ ನೋಡುತ್ತ ಮುಂದೆ ನಡೆದರು. ಇದರ ಲೆಕ್ಕವನ್ನು ಮಕ್ಕಳೇ ಮಾಡಬಹುದು. 45 ಜನರ ನಡುವೆ 44 ಅಂತರಗಳು. ಒಂದೊಂದು ಅಂತರ 20 ಮೀಟರ್ ಎಂದುಕೊಂಡರೆ ಒಮ್ಮೆಗೆ 880 ಮೀಟರ್ ಅಗಲದ ಪಟ್ಟಿಯನ್ನು ಶೋಧಿಸಬಹುದು. ಒಬ್ಬನೇ ಆದರೆ ಎಷ್ಟು ಸಲ ಹೋಗಿ ಬರಬೇಕಾದೀತು!

ಡಿಸೆಂಬರ್ 6ರಂದು ವಿದ್ಯಾರ್ಥಿಯೊಬ್ಬನ ಕಣ್ಣಿಗೆ ಪುಟ್ಟದೊಂದು ಕಪ್ಪು ಕಲ್ಲು ಬಿತ್ತು. ಆ ಸುತ್ತಿನಲ್ಲಿ ಒಟ್ಟು 15 ಕಲ್ಲುಗಳು ದೊರೆತವು. ಅದೇ ತಿಂಗಳ ಕೊನೆಯಲ್ಲಿ ಇನ್ನೂ ದೊಡ್ಡ ತಂಡ ಹೋಗಿ ಬಂದ ಮೇಲೆ ಎಣಿಕೆ 47ಕ್ಕೆ ಏರಿತು. ಒಟ್ಟು ತೂಕ ಸುಮಾರು 4 ಕಿಲೋ. ಮುಂದಿನ ಹುಡುಕಾಟಗಳಲ್ಲಿ ಸುಮಾರು 600 ತುಣುಕುಗಳು, 10 ಕಿಲೋಗೂ ತುಸು ಹೆಚ್ಚು ಸಿಕ್ಕವು. 80 ಟನ್ನಿನಲ್ಲಿ ಇದು ಹೆಚ್ಚುಕಡಿಮೆ ಎಂಟು ಸಾವಿರದಲ್ಲಿ ಒಂದು ಪಾಲು!

ಕಲ್ಲುಗಳ ರೋಹಿತವನ್ನು ಕ್ಷುದ್ರಗ್ರಹದ ರೋಹಿತದೊಡನೆ ಹೋಲಿಸಿದಾಗ ಎರಡೂ ತಾಳೆಯಾದವು. ಆಕಾಶದ ಚುಕ್ಕಿಗೂ ಅಂಗೈಯ ಕಲ್ಲಿಗೂ ಮೊದಲ ಸಲ ನೇರ ಸಂಬಂಧ ಏರ್ಪಟ್ಟಿತು. ಹೆಚ್ಚಿನ ತುಣುಕುಗಳು ಯೂರೆಲೈಟ್ ಎಂಬ ಅಪರೂಪದ ಜಾತಿಯವು. ಅವುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರಗಳೂ ಇವೆ. ಮಿಕ್ಕವುಗಳಲ್ಲಿ ತೀರ ಬೇರೆ ಜಾತಿಯ ಕಲ್ಲುಗಳೂ ಇದ್ದವು. ಅಂದರೆ ಆ ಕ್ಷುದ್ರಗ್ರಹ ಒಂದೇ ಅಖಂಡ ಬಂಡೆಯಲ್ಲ, ಹಿಂದಿನ ಡಿಕ್ಕಿಗಳಲ್ಲಿ ಒಡೆದ ಬಗೆಬಗೆಯ ಚೂರುಗಳು ಒಟ್ಟುಗೂಡಿ ಆದದ್ದು. ಒಂದು ದೊಡ್ಡ ಕಲ್ಲು ಮಾತ್ರ ಸಿಕ್ಕಿ ಹುಡುಕಾಟ ಅಲ್ಲಿಗೇ ನಿಂತಿದ್ದರೆ ಈ ಸಂಗತಿ ತಿಳಿಯುತ್ತಲೇ ಇರಲಿಲ್ಲ.

ಸಾಲಿನಲ್ಲಿ ದಿನವಿಡೀ ನಡೆದು ಬರಿಗೈಯಲ್ಲಿ ಹಿಂದಿರುಗಿದವರ ಶ್ರಮ ವ್ಯರ್ಥವಾಯಿತೇ? ಖಂಡಿತ ಇಲ್ಲ. 'ಇಷ್ಟು ಜಾಗದಲ್ಲಿ ಕಲ್ಲಿಲ್ಲ' ಎಂಬುದೂ ಒಂದು ಮಾಹಿತಿಯೇ. ಕಲ್ಲುಗಳು ಎಲ್ಲಿಂದ ಎಲ್ಲಿಯವರೆಗೆ ಚೆಲ್ಲಿವೆ ಎಂಬ ನಕ್ಷೆಗೆ ಖಾಲಿ ಜಾಗವೂ ಬೇಕು. ಆದರೆ ಒಂದು ಷರತ್ತು: ಖಾಲಿ ಎಂದು ಹೇಳುವವನು ನಿಜವಾಗಿ ನೋಡಿರಬೇಕು. ಅವನು ಬೇಸರದಿಂದ ಕಣ್ಣು ಬೇರೆಡೆ ಹಾಯಿಸಿದ್ದರೆ ಇಡೀ ಸಾಲಿನ ಲೆಕ್ಕ ಕೆಡುತ್ತದೆ.

ಫಲಿತಾಂಶದ ಪಟ್ಟಿಯಲ್ಲಿ ಮೊದಲ ಹೆಸರನ್ನಷ್ಟೇ ಹುಡುಕುವ ತಂದೆತಾಯಿಗಳು ಮಕ್ಕಳೊಡನೆ ಈ ಪ್ರಸಂಗವನ್ನು ಓದಬೇಕು. ಮೊದಲ ಕಲ್ಲು ಒಬ್ಬನಿಗೆ ಕಂಡಿತು, ನಿಜ. ಆದರೆ ಅದು ಇದ್ದದ್ದು ಅವನ ಪಾಲಿನ ಪಟ್ಟಿಯಲ್ಲಿ. ಪಕ್ಕದವನು ನಿಂತ ಜಾಗದಲ್ಲಿ ಇವನಿದ್ದಿದ್ದರೆ ಕಾಣುತ್ತಿದ್ದವನು ಪಕ್ಕದವನು. ಇಬ್ಬರೂ ಮಾಡಿದ ಕೆಲಸ ಒಂದೇ.