ಮನೆಗೆ ಬರುವ ವೈದ್ಯನಿಗೆ ಮನೆಮಾತು ಬೇಡವೇ?

ಹೊಟ್ಟೆ ತೊಳಸುತ್ತಿರುವ ಅಕ್ಕಲಕೋಟೆಯ ಕನ್ನಡ ಮುದುಕಿ ‘ಸಂಕಟ ಆಗ್ತದ’ ಎನ್ನುತ್ತಾಳೆ. ಮರಾಠಿ ಕಿವಿಗೆ ಅದು ವಿಪತ್ತು. ನಮ್ಮ ಊರಿನ ಮುದುಕಿ ಅದೇ ಮಾತನ್ನು ಹೇಳಿದರೆ ಮಲೆಯಾಳದ ಕಿವಿಗೆ ಅದು ದುಃಖ. ಔಷಧಿ ಬರೆಯುವವನು ಯಾವ ಅರ್ಥವನ್ನು ಹಿಡಿಯಬೇಕು?

ಸೊಲ್ಲಾಪುರದಲ್ಲಿ ಡಾ. ವೈಶಂಪಾಯನ ಸ್ಮಾರಕ ಸರಕಾರಿ ವೈದ್ಯಕೀಯ ಕಾಲೇಜು 1963ರಿಂದ ನಡೆಯುತ್ತಿದೆ. ಪಟ್ಟಣದಲ್ಲಿ ಮರಾಠಿ, ಕನ್ನಡ, ತೆಲುಗು ಮೂರೂ ಕೇಳಿಬರುತ್ತವೆ. ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟೆಯ ಸುತ್ತಿನ ಅನೇಕ ಹಳ್ಳಿಗಳಲ್ಲಿ ಕಚೇರಿಯ ಮಾತು ಮರಾಠಿ, ಅಡುಗೆಮನೆಯ ಮಾತು ಕನ್ನಡ.

ವೈದ್ಯ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳುಹಿಸಬೇಕೆಂಬ ವಿಚಾರ ಹೊಸತಲ್ಲ. ಸಮಾಜವನ್ನು ಬಲ್ಲ ವೈದ್ಯರು ಬೇಕೆಂದು ಭೋರ್ ಸಮಿತಿ 1946ರಲ್ಲಿಯೇ ಹೇಳಿತ್ತು. 1977ರಲ್ಲಿ ಕಾಲೇಜುಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಜೋಡಿಸುವ ಯೋಜನೆ ಬಂತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಪ್ರತಿಯೊಬ್ಬ ವಿದ್ಯಾರ್ಥಿಯೂ ಮೊದಲ ವರ್ಷದಿಂದಲೇ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವುಗಳ ಆರೋಗ್ಯವನ್ನು ಗಮನಿಸುತ್ತಿರಬೇಕೆಂದು ವಿಧಿಸಿತು. 2019ರ ಪಠ್ಯಕ್ರಮದ ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಗೂ ಎಡೆ ದೊರೆತಿದೆ. ಎಲ್ಲವೂ ಒಳ್ಳೆಯದೇ. ಆದರೆ ಸ್ಥಳೀಯ ಭಾಷೆ ಎಂದರೆ ರಾಜ್ಯದ ಭಾಷೆಯೋ, ರೋಗಿಯ ಭಾಷೆಯೋ?

ಮಗನೋ ಸೊಸೆಯೋ ಅನುವಾದಿಸಿದರೆ ಸಾಲದೇ ಎನ್ನುವವರಿದ್ದಾರೆ. ಹೆಂಗಸು ತನ್ನ ಗುಪ್ತ ಕಾಯಿಲೆಯನ್ನು ಮಗನ ಬಾಯಿಂದ ಹೇಳಿಸುವಳೇ? ಸೊಸೆಯ ಬವಣೆಯನ್ನು ಅತ್ತೆ ಅನುವಾದಿಸುವಳೇ?

ಮನೆಮನೆಯನ್ನು ಬಲ್ಲ ವೈದ್ಯನ ಬೆಲೆ ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ 1990ರ ದಶಕದಲ್ಲಿ, ಎಣ್ಮಕಜೆಯ ಪಡ್ರೆಯಲ್ಲಿ ಒಂದೇ ಕಡೆ ಇಷ್ಟೊಂದು ವಿಚಿತ್ರ ಕಾಯಿಲೆಗಳೇಕೆ ಎಂದು ಕೇಳಿದವರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ಆ ಊರಿನಲ್ಲಿಯೇ ಚಿಕಿತ್ಸೆ ನೀಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್. ಕುಟುಂಬಗಳನ್ನು ಬಲ್ಲವರಿಗಷ್ಟೇ ಕಾಣುವ ಸಂಗತಿ ಅದು.

ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ 2025ರಲ್ಲಿ 50 ಸೀಟುಗಳ ಅನುಮತಿ ಸಿಕ್ಕಿದೆ. ತೆಂಕಣ ಜಿಲ್ಲೆಗಳ ವಿದ್ಯಾರ್ಥಿಗಳು ಬರಲಿ, ಸಂತೋಷ. ಆದರೆ ಮನೆಗಳಿಗೆ ಹೋಗುವ ಮೊದಲು ಅವರಿಗೆ ರೋಗಿಯೊಡನೆ ಮಾತಾಡುವಷ್ಟು ಕನ್ನಡವನ್ನೂ ತುಳುವನ್ನೂ ಕಲಿಸಬೇಕು. ಇಲ್ಲಿಯ ವಿದ್ಯಾರ್ಥಿಯೊಬ್ಬನನ್ನು ಜೊತೆಗೂಡಿಸಬೇಕು. ರೋಗಿ ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳುವ ಅಭ್ಯಾಸ ಮಾಡಿಸಬೇಕು. ಸೊಲ್ಲಾಪುರಕ್ಕೂ ಇದೇ ಮಾತು ಸಲ್ಲುತ್ತದೆ.

ಗಡಿಯ ಪ್ರಶ್ನೆ ಬಗೆಹರಿಯುವಾಗ ಬಗೆಹರಿಯಲಿ. ಮುದುಕಿಯ ಹೊಟ್ಟೆಯ ಸಂಕಟ ಅಲ್ಲಿಯವರೆಗೆ ಕಾಯುವುದಿಲ್ಲ.